ನಮ್ಮ ಬದಲಿಗೆ ಅತ್ತವಳು

ಬೇವಿನ ಸೊಪ್ಪು ಕಟ್ಟಿದ್ದ ನಮ್ಮ ಬಾಗಿಲ ಮುಂದೆ ನರ್ಸಮ್ಮ ಚಪ್ಪಲಿ ಬಿಟ್ಟು, ಅರಿಶಿನದ ನೀರಲ್ಲಿ ಕಾಲು ತೊಳೆದು ಒಳಗೆ ಬಂದಳು. ತೊಂಬತ್ತರ ದಶಕದ ಕೊನೆ. ತಮಿಳುನಾಡಿನ ತೇವಾರಂನಲ್ಲಿ ಕನ್ನಡದವರೇ ಇರುವ ನಮ್ಮ ಬೀದಿಯಲ್ಲಿ ಮನೆಮನೆಗೂ ದಡಾರ. ಹಿಂದಿನ ದಿನವಷ್ಟೇ ನನ್ನ ಓರಗಿತ್ತಿ ಪೊನ್ನಿಯ ಮಗ ತೀರಿಕೊಂಡಿದ್ದ. ಅವಳ ಮಗಳ ಮೈಮೇಲೂ ದದ್ದು ಎದ್ದಿತ್ತು.

ದಡಾರ ಎದ್ದರೆ ನಾವು ಅಮ್ಮ ಬಂದಳು ಅನ್ನುತ್ತೇವೆ. ಅಮ್ಮ ಇರುವ ಮನೆಯಲ್ಲಿ ಅಳಬಾರದು, ಅತ್ತರೆ ಮುನಿದು ಇನ್ನೊಂದು ಮಗುವನ್ನೂ ಕರೆದೊಯ್ಯುತ್ತಾಳೆ. ಪೊನ್ನಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ಔಷಧಿಯೂ ಬೇಡವೆಂದು ಮಗಳನ್ನು ಮಡಿಲಲ್ಲಿ ಅವಚಿಕೊಂಡಿದ್ದಳು.

ನರ್ಸಮ್ಮ ತಮಿಳಿನವಳು. ನಮ್ಮ ಬೀದಿ ಸುತ್ತಿ ಸುತ್ತಿ ಕನ್ನಡ ಕಲಿತಿದ್ದಳು, ಅದನ್ನು ಕೇಳಿ ನಾನು ನಗದ ದಿನವಿಲ್ಲ. ಅವತ್ತು ಪೊನ್ನಿಯ ಪಕ್ಕ ಕೂತು ಅಂದಳು: "ನೀ ಅಳ್ಬ್ಯಾಡ ತಾಯೀ. ನಾ ಈ ಮನೆಯೋಳಲ್ಲ, ನಾ ಅಳ್ತೀನಿ. ಅಮ್ಮ ಕೋಪ ಮಾಡ್ಕೊಂಡ್ರೆ ನನ್ ಮ್ಯಾಲೆ ಮಾಡ್ಕೊಳ್ಳಲಿ."

ಹುಡುಗನ ಹೆಸರು ಹಿಡಿದು ಕೂಗಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳೂ ಅವಳೇ. ಪೊನ್ನಿ ಅವಳನ್ನೇ ನೋಡುತ್ತಾ ಕೂತಳು. ಆಮೇಲೆ ಮಡಿಲು ಸಡಿಲಿಸಿ, ಮಗಳ ಬಾಯಿಯನ್ನು ತಾನೇ ತೆರೆದು ಹಿಡಿದಳು. ನರ್ಸಮ್ಮ ಕಣ್ಣೊರೆಸಿಕೊಂಡು ಔಷಧಿ ಹಾಕಿ ಪಕ್ಕದ ಮನೆಗೆ ಹೋದಳು.

ಆ ಮಗಳೇ ನನಗೆ ಫೋನಿನಲ್ಲಿ ಟೈಪ್ ಮಾಡಲು ಕಲಿಸಿದ್ದು, ತಪ್ಪಿದ್ದರೆ ಅವಳನ್ನೇ ಬೈಯಿರಿ. ಅವಳು ಗುಣವಾಗಿ, ತಲೆಗೆ ನೀರು ಹಾಕಿ ಅಮ್ಮನನ್ನು ಕಳಿಸಿಕೊಟ್ಟ ಮೇಲೂ ಪೊನ್ನಿ ಅಳಲಿಲ್ಲ. ಈಗಲೂ ಕೇಳಿದರೆ, "ಅವ್ಳು ಆಗ್ಲೇ ಅತ್ತಾಯ್ತಲ್ಲಾ ಅಕ್ಕಾ" ಅನ್ನುತ್ತಾಳೆ.