ಅಪ್ಪನ ವಾಲ್ವು ಮತ್ತು ಇಂಬಳ

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಪ್ಪನ ಎದೆಯೊಳಗೆ ಒಂದು ಲೋಹದ ವಾಲ್ವು ಬಂದು ಕೂತಿತು. ಅದಕ್ಕೂ ಮೊದಲು ಬಹಳ ದಿನ ಅಪ್ಪ ಕಾಫಿ ತೋಟದ ಏರು ಹತ್ತುವಾಗ ನಡುನಡುವೆ ನಿಂತು, ಏದುಸಿರು ಬಿಡುತ್ತಾ, ಯಾವುದೋ ಗಿಡದ ಎಲೆ ತಿರುಗಿಸಿ ರೋಗ ಹುಡುಕುವವರಂತೆ ನಟಿಸುತ್ತಿದ್ದರು. ಕೊನೆಗೆ ಮೂಡಿಗೆರೆಯ ನಮ್ಮ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಬಹಳ ಹೊತ್ತು ಕೇಳಿ, "ಒಳಗೆ ಏನೋ ಸೋರ್ತಾ ಇದೆ ಗೌಡ್ರೆ, ಮಂಗಳೂರಿಗೆ ಹೋಗಿ" ಎಂದರು.

ಮಂಗಳೂರಿನಲ್ಲಿ ಎಕೋ ಮಾಡಿದಾಗ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ ಎಂದು ಗೊತ್ತಾಯಿತು. ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಬೇಸಿಗೆಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವಾಗ ಪಂಪ್‌ಸೆಟ್ಟಿನ ಫುಟ್‌ವಾಲ್ವು ಪ್ರತಿವರ್ಷ ನೀರನ್ನು ಹಿಂದಕ್ಕೆ ಸೋರಿಸಿ ಇದೇ ಕಾಟ ಕೊಡುತ್ತಿತ್ತು. "ಬರೀ ವಾಷರ್ ಹಾಕಿದ್ರೆ ಆಗಲ್ವಾ?" ಎಂದು ಸರ್ಜನ್ನರನ್ನೇ ಕೇಳಿದರು. ಆ ಮನುಷ್ಯ ನಗಲೂ ಇಲ್ಲ. ಇಡೀ ವಾಲ್ವನ್ನೇ ಬದಲಾಯಿಸಿ ಕಳಿಸಿದರು.

ಲೋಹದ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಾರದು ಎಂದು ರಕ್ತ ತೆಳುವಾಗಿಸುವ ಗುಳಿಗೆಯನ್ನು ಬದುಕಿರುವ ತನಕ ನುಂಗಬೇಕಿತ್ತು. ಮೈಗೆ ಗಾಯ ಮಾಡಿಕೊಳ್ಳಬೇಡಿ ಎಂದು ಹೇಳಿ ಕಳಿಸಿದರು. ಸೊಪ್ಪು ಹೆಚ್ಚು ತಿಂದರೆ ಗುಳಿಗೆಯ ಬಲ ಕುಗ್ಗುತ್ತದೆ, ಬಿಟ್ಟರೆ ಏರುತ್ತದೆ, ಹಾಗಾಗಿ ಯಾವಾಗಲೂ ಒಂದೇ ಹದದಲ್ಲಿ ತಿನ್ನಿ ಎಂದೂ ಹೇಳಿದ್ದರು. ಹದ ಗಿದ ಎಲ್ಲ ಅಮ್ಮನ ಕಿವಿಗೆ ಬೀಳಲಿಲ್ಲ. ಡಾಕ್ಟರ ಬಾಯಲ್ಲಿ ಸೊಪ್ಪಿನ ಹೆಸರು ಬಂದ ಮೇಲೆ ಅದು ವಿಷವೇ ಸೈ ಎಂದು ತೀರ್ಮಾನಿಸಿ, ಆ ಮಳೆಗಾಲದ ಹೊತ್ತಿಗೆ ಹರಿವೆ, ಬಸಳೆ, ಕೆಸ, ಎಲ್ಲವನ್ನೂ ಅಡಿಗೆಮನೆಯಿಂದ ಗಡೀಪಾರು ಮಾಡಿದಳು.

ಮಳೆಗಾಲ ಎಂದರೆ ನಮ್ಮಲ್ಲಿ ಇಂಬಳ, ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ. ಇಂಬಳ ಕಚ್ಚಿದರೆ ಗಟ್ಟಿಮುಟ್ಟಾದವರಿಗೇ ರಕ್ತ ಬೇಗ ನಿಲ್ಲುವುದಿಲ್ಲ, ಇನ್ನು ಅಪ್ಪನ ಗತಿ? "ತೋಟಕ್ಕೆ ಹೋಗೋದಾದ್ರೆ ನನ್ನ ಹೆಣ ದಾಟಿ ಹೋಗಿ" ಎಂದು ಅಮ್ಮ ಹೇಳಿಬಿಟ್ಟಳು. ಅಪ್ಪ ಜೀವ ಉಳಿಸಿಕೊಂಡು ಬಂದದ್ದೇ ತೋಟ ಸುತ್ತುವುದಕ್ಕೆ. ಅಮ್ಮನಿಗೆ ಅಪ್ಪ ಉಳಿದರೆ ಸಾಕಿತ್ತು, ತೋಟ ಹಾಳಾಗಿ ಹೋಗಲಿ. ಅಪ್ಪ ಜಗಲಿಯಲ್ಲಿ ಕೂತು ತೋಟದ ಮೇಸ್ತ್ರಿಯನ್ನು ಕೂಗಿ ಕರೆದು, ಕಂಡೇ ಇರದ ತಪ್ಪುಗಳಿಗೆ ಬೈಯುತ್ತಿದ್ದರು. ಮನೆಯಲ್ಲಿ ನಮಗೂ ಅದರಲ್ಲಿ ಪಾಲು ಸಿಗುತ್ತಿತ್ತು.

ಒಂದು ದಿನ ನಾನು ಪಾಠ ಹೇಳುತ್ತಿದ್ದ ಸ್ಕೂಲಿಗೆ ಮಳೆ ರಜೆ ಕೊಟ್ಟಿದ್ದರು. ಮಧ್ಯಾಹ್ನ ಅಪ್ಪ ಕಾಲಿಗೆ ಸಾಕ್ಸ್ ಹಾಕಿಕೊಂಡು ಊಟಕ್ಕೆ ಬಂದು ಕೂತರು. ಮದುವೆಮನೆಗೂ ಸಾಕ್ಸ್ ಹಾಕದ ಮನುಷ್ಯ! "ಚಳಿ" ಎಂದರು. ನಾನು ನಂಬಿದೆ. ಊಟವಾದ ಮೇಲೆ ಅಮ್ಮ ಕಾಫಿಗೆ ನೀರಿಟ್ಟು ಡಬ್ಬ ತೆಗೆದರೆ ಒಳಗೆ ಚಿಟಿಕೆ ಪುಡಿಯೂ ಇಲ್ಲ. ಕಾಫಿ ಬೆಳೆಯುವವರ ಮನೆಯಲ್ಲಿ ಹಿಂದಿನ ದಿನವಷ್ಟೇ ತುಂಬಿಸಿಟ್ಟ ಡಬ್ಬ ಖಾಲಿ! ಗಾಯದ ರಕ್ತ ನಿಲ್ಲಿಸಲು ನಮ್ಮ ಕಡೆ ಕಾಫಿಪುಡಿ ಮೆತ್ತುತ್ತಾರೆ ಎನ್ನುವುದು ಅಮ್ಮನಿಗೆ ಆ ಕ್ಷಣವೇ ಹೊಳೆಯಿತು. ಹೋಗಿ ಸಾಕ್ಸ್ ಎಳೆದಳು. ಡಿಕಾಕ್ಷನ್ನಿನಂಥ ಕೆಂಗಪ್ಪು ನೀರು ನೆಲಕ್ಕೆ ಸುರಿಯಿತು.

"ಒಂದೇ ಒಂದು ಇಂಬಳ ಮಾರಾಯ್ತಿ, ಅದೂ ಸಣ್ಣದು" ಎಂದರು ಅಪ್ಪ.

ಜೀಪಿನಲ್ಲಿ ಮೂಡಿಗೆರೆಗೆ ಓಡಿದೆವು. ಡಾಕ್ಟರು ಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿಸಿ, ರಕ್ತಪರೀಕ್ಷೆ ಮಾಡಿಸಿದರು. ಮಳೆ ಸ್ವಲ್ಪ ಬಿಡಲಿ ಎಂದು ತಿಂಗಳಿಗೊಮ್ಮೆ ಮಾಡಿಸಬೇಕಿದ್ದ ಆ ಪರೀಕ್ಷೆಯನ್ನು ನಾವು ಮುಂದೂಡಿದ್ದೆವು. ರಿಪೋರ್ಟ್ ನೋಡಿ ಡಾಕ್ಟರ ಮುಖ ಬಿಗಿಯಾಯಿತು. "ರಕ್ತ ವಿಪರೀತ ತೆಳುವಾಗಿದೆ. ಈ ಇಂಬಳ ಕಚ್ಚದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ, ತಲೆಯೊಳಗೆ ಸೋರಿದ್ರೆ ಏನ್ ಮಾಡ್ತಿದ್ರಿ? ಗುಳಿಗೆ ಹೆಚ್ಚು ತಗೊಂಡ್ರಾ? ಇಲ್ಲ, ಸೊಪ್ಪು ತಿನ್ನೋದು ಬಿಟ್ರಾ?"

ಅಮ್ಮನ ಮುಖ ಬಿಳುಚಿತು. ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ, "ನಾನೇ ಬಿಟ್ಟೆ ಡಾಕ್ಟ್ರೆ. ಇವಳು ಬಡ್ಕೊಂಡ್ಲು, ನಾನು ಕೇಳ್ಲಿಲ್ಲ. ಸೊಪ್ಪು ಕಂಡ್ರೆ ನಂಗಾಗಲ್ಲ" ಎಂದರು. ಬಸಳೆ ಸಾರಿದ್ದರೆ ಪಾತ್ರೆಯ ತಳ ಕೆರೆದು ಉಣ್ಣುವವರು! ಡಾಕ್ಟರು ಅವರಿಗೆ ಮಂಗಳಾರತಿ ಎತ್ತಿದರು. ಯಾರಿಂದಲೂ ಅರ್ಧ ಮಾತು ಕೇಳಿಸಿಕೊಳ್ಳದ ನಮ್ಮಪ್ಪ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡರು.

ವಾಪಸು ಬರುವಾಗ ಹ್ಯಾಂಡ್‌ಪೋಸ್ಟ್ ಸರ್ಕಲ್ ದಾಟಿದ ಮೇಲೆ ಅಮ್ಮ ಅಪ್ಪನ ಕಡೆ ತಿರುಗಿ, "ಸುಳ್ಳು ಯಾಕೆ ಹೇಳಿದ್ರಿ?" ಎಂದಳು.

"ನಂಗೆ ಬೈದ್ರೆ ಇವತ್ತಿಗೆ ಮುಗೀತು. ನಿಂಗೆ ಬೈದಿದ್ರೆ ನೀನು ಸಾಯೋವರೆಗೂ ಅಳ್ತಿದ್ದೆ. ಅದನ್ನ ತಡ್ಕೊಳ್ಳೋವಷ್ಟು ಗಟ್ಟಿ ಇಲ್ಲ ಈ ವಾಲ್ವು."

ಅಮ್ಮ ಅಳುತ್ತಲೇ ನಕ್ಕಳು.

ಡಾಕ್ಟರು ಹೇಳಿದ ಹಾಗೆ ಗುಳಿಗೆಯ ಪ್ರಮಾಣ ಸರಿಯಾಗಿ, ಗಾಯವೂ ಒಣಗಿದ ಮೇಲೆ, ಒಂದು ಬೆಳಿಗ್ಗೆ ಅಮ್ಮ ತಾನಾಗಿಯೇ, "ನಡೀರಿ, ತೋಟ ನೋಡ್ಕೊಂಡು ಬರಣ" ಎಂದಳು. ಅಪ್ಪನಿಗೆ ಮೊಣಕಾಲು ಮಟ್ಟದ ಗಂಬೂಟು ತೊಡಿಸಿ, ಅದರ ಬಾಯಿಗೆ ಉಪ್ಪು ಬೆರೆಸಿದ ಎಣ್ಣೆ ಸವರಿದಳು. ಅಪ್ಪ ಯಜಮಾನಿಕೆಯ ಗತ್ತಿನಲ್ಲಿ ಮುಂದೆ ಹೊರಟರು. ಇಂಬಳಗಳು ಮುಂದೆ ಹೋದವರ ಹೆಜ್ಜೆಗೆ ಎಚ್ಚೆತ್ತು, ಹಿಂದೆ ಬರುವವರನ್ನು ಹಿಡಿಯುತ್ತವೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಮ್ಮ ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಅವರ ಹಿಂದೆಯೇ ನಡೆದಳು.