ಸಾವಂತ್ರೆವ್ವನ ಜಿಂಜಿಬೀರ

ಮುನವಳ್ಳಿಯ ಓಣಿಯಲ್ಲಿ ಕೋಳಿ ಕೂಗುವುದು ಇನ್ನೂ ಮುಗಿದಿಲ್ಲ. ಸಾವಂತ್ರೆವ್ವ ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಭರಣಿಯ ಬಾಯಿಗೆ ಕಟ್ಟಿದ ಅರಿವೆ ಬಿಚ್ಚುತ್ತಾರೆ, ಕಿವಿ ಹಚ್ಚುತ್ತಾರೆ. ಒಳಗಿನಿಂದ ಸುಯ್ಯೆಂಬ ಸಣ್ಣ ಸದ್ದು. "ಎದ್ದೈತ್ರಿ" ಎಂದು ಮುಖ ಅರಳಿಸುತ್ತಾರೆ. ಎದ್ದಿರುವುದು ಹೆಪ್ಪು. ಜಜ್ಜಿದ ಹಸಿಶುಂಠಿ, ಸಕ್ಕರೆ, ನೀರು ಇವಿಷ್ಟನ್ನು ದಿನವೂ ಸ್ವಲ್ಪ ಸ್ವಲ್ಪ ಉಣಿಸಿದರೆ ಅದು ಹುದುಗಿ ನೊರೆ ಕಟ್ಟುತ್ತದೆ. "ಮಣ್ಣ ತೊಳೀಬೇಕ್ರಿ, ಆದ್ರ ಸಿಪ್ಪಿ ಹೆರೀಬಾರದು. ಸಿಪ್ಪಿ ಹೆರದ್ರ ಹೆಪ್ಪ ಏಳಾಂಗಿಲ್ಲ."

ಉಳಿದದ್ದು ಬೆನ್ನು ಮುರಿಯುವ ಕೆಲಸ. ಬೈಲಹೊಂಗಲದ ಸಂತೆಯಿಂದ ತಂದ ಶುಂಠಿಯನ್ನು ಬೆಲ್ಲದ ಜೊತೆ ಕುದಿಸಿ, ಆರಿಸಿ, ಲಿಂಬೆಹಣ್ಣು ಹಿಂಡಿ, ಹೆಪ್ಪು ಬೆರೆಸಿ ಬಾಟಲಿಗೆ ತುಂಬಬೇಕು. ಮೊದಲೆಲ್ಲ ದಿನಕ್ಕೆ ನಲವತ್ತು ಬಾಟಲಿ. ಎರಡು ದಿನ ಇಟ್ಟು, ನಡುನಡುವೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಒಂದು ಬೇಸಿಗೆಯಲ್ಲಿ ಅದು ತಡವಾಗಿ ಬಾಟಲಿ ಸಿಡಿಯಿತು, ಗಾಜು ಹುಬ್ಬನ್ನು ಸೀಳಿತು. ಆ ಗಾಯದ ಗೆರೆ ಸವರಿಕೊಂಡು ನಗುತ್ತಾರೆ: "ಕಣ್ಣ ಉಳೀತಲ್ಲ, ಸಾಕ್ ಬಿಡ್ರಿ."

ಈ ವಿದ್ಯೆ ಅತ್ತೆ ಶಟ್ಟೆವ್ವನದು. ಆಕೆ ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಮೇಮಸಾಬ್ ಒಬ್ಬಳ ಬಂಗಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಲ್ಲಿ ಜಿಂಜರ್ ಬಿಯರ್ ಎಂದದ್ದು ಇವರ ಮನೆಗೆ ಬರುವಷ್ಟರಲ್ಲಿ ಜಿಂಜಿಬೀರ ಆಯಿತು. ಸೊಸೆಗೆ ಅತ್ತೆ ಬಿಟ್ಟುಹೋದ ಆಸ್ತಿಯೆಂದರೆ ಒಂದು ಭರಣಿ, ಅದರೊಳಗಿನ ಹೆಪ್ಪು. ಗಂಡ ಲಗಮಪ್ಪನನ್ನು ಸೆರೆಯ ಕುಡಿತ ನುಂಗಿದ ಮೇಲೆ ಸಾವಂತ್ರೆವ್ವ ಮಗಳನ್ನು ಸಾಕಿದ್ದು ಅದರಿಂದಲೇ. ಓಣಿಯ ಬಾಯಿಗಿದ್ದ ಸೆರೆ ಅಂಗಡಿಯ ಮುಂದೆ ಹೆಂಗಸರನ್ನು ಕೂಡಿಸಿ, ಅದರ ಬಾಗಿಲು ಹಾಕಿಸಿದ್ದೂ ಇದೇ ಸಾವಂತ್ರೆವ್ವ. ಇದನ್ನು ಓದುಗರು ನೆನಪಿಡಬೇಕು, ಏಕೆಂದರೆ ಊರು ಮರೆತಿದೆ.

ಸವದತ್ತಿ ರಸ್ತೆಯಲ್ಲಿ ಶ್ರೀಶೈಲ ಎಂಬವರ ಹೋಟೆಲ್ ಇದೆ. ವರ್ಷಗಟ್ಟಲೆ ಈ ಬಾಟಲಿಗಳು ಹೋದದ್ದು ಅಲ್ಲಿಗೆ. ಅಲ್ಲಿ ಇದರ ಹೆಸರು 'ಶುಂಠಿ ಅಮೃತ'. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು, ಬರುವವರು, ಹೊಟ್ಟೆ ಉಬ್ಬರಿಸಿದ ದೊಡ್ಡ ಮನುಷ್ಯರು ಗಟಗಟ ಕುಡಿದು, ತೇಗಿ, ಮಾಲಕರ ಕೈಗುಣ ಹೊಗಳಿ ಹೋಗುತ್ತಾರೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ಎಲ್ಲಮ್ಮನ ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಗಳು ಸ್ನೇಹಲ್ ದವಾಖಾನೆಯಲ್ಲಿ ನರ್ಸ್. ಆಕೆ ಕಳೆದ ವರ್ಷ ಒಂದು ಚಂದದ ಚೀಟಿ ಅಚ್ಚು ಹಾಕಿಸಿದಳು: 'ಸಾವಂತ್ರೆವ್ವನ ಜಿಂಜಿಬೀರ, ಮುನವಳ್ಳಿ'. ಅಂಟಿಸಿ ಕಳಿಸಿದರೆ, ಖಾಲಿ ಬಾಟಲಿಗಳು ಚೀಟಿ ಇಲ್ಲದೆ ಬೋಳಾಗಿ ವಾಪಸು ಬಂದವು. ಹೋಟೆಲಿನಲ್ಲಿ ನೀರಿಗೆ ಹಾಕಿ, ನೆನೆಸಿ, ಉಗುರಿನಿಂದ ಕೆರೆದು ಕಿತ್ತಿದ್ದರು. ಸಾವಂತ್ರೆವ್ವ ಹೋಗಿ ಕೇಳಿದರು. ಶ್ರೀಶೈಲ ಮುಚ್ಚುಮರೆ ಮಾಡಲಿಲ್ಲ: "ಹೆಸರ ನೋಡಿದ್ರ ಮಂದಿ ಯಾವ ಓಣಿ ಅಂತ ಕೇಳ್ತಾರವ್ವ. ಓಣಿ ಗೊತ್ತಾದ್ರ ಯಾರ ಕುಡೀತಾರ? ನನ್ನ ಯಾಪಾರನೂ ನೋಡಬೇಕಲ್ಲ."

ಓಣಿ ದಲಿತರದು. ಸಾವಂತ್ರೆವ್ವನ ಪಡಸಾಲೆಯ ಗೋಡೆಯಲ್ಲಿ ಬುದ್ಧನೂ ಬಾಬಾಸಾಹೇಬರೂ ಪಕ್ಕಪಕ್ಕದಲ್ಲಿದ್ದಾರೆ. ಅಂದರೆ ಲೆಕ್ಕ ಇಷ್ಟು: ಆಕೆ ಜಜ್ಜಿದ ಶುಂಠಿ ನಡೆಯುತ್ತದೆ, ಆಕೆ ಹಿಂಡಿದ ಲಿಂಬೆ ನಡೆಯುತ್ತದೆ, ಆಕೆಯ ಹೆಸರು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಇಂಥ ಗಂಟಲಿಗೆ ಯಾವ ಶುಂಠಿ ಮದ್ದಾದೀತು?

ಸಾವಂತ್ರೆವ್ವ ಅವತ್ತೇ ಹೋಟೆಲಿಗೆ ಕೊಡುವುದು ನಿಲ್ಲಿಸಿದರು. ಮನೆಯ ಮುಂದಿನ ಕಟ್ಟೆಯ ಮೇಲೆ ಬಾಟಲಿ ಜೋಡಿಸಿ ತಮ್ಮ ಹೆಸರಲ್ಲೇ ಮಾರತೊಡಗಿದರು. ಆಮೇಲೆ ಯಾರೋ ದೂರು ಕೊಟ್ಟರು: ಈಕೆ ಮನೆಯಲ್ಲಿ ಬೀರು ಕಾಸುತ್ತಾಳೆ! ಅಬಕಾರಿಯವರ ಜೀಪು ಬಂತು. ಹೋಟೆಲಿನಲ್ಲಿ ಅಮೃತವಾಗಿದ್ದದ್ದು ಈ ಓಣಿಯಲ್ಲಿ ಬೀರಾಗಲು ಎಷ್ಟು ಹೊತ್ತು ಬೇಕು? "ಕುಡದ ನೋಡ್ರಿ ಸಾಹೇಬ್ರ, ನಿಶೆ ಏರಿದ್ರ ನನ್ನ ಹಿಡಕೊಂಡ ಹೋಗ್ರಿ ಅಂದೆ. ಯಾರೂ ಮುಟ್ಟಲಿಲ್ಲ" ಎನ್ನುತ್ತಾರೆ ಸಾವಂತ್ರೆವ್ವ. ಮುಟ್ಟದವರು ಭರಣಿಯನ್ನು ಮಾತ್ರ ಎತ್ತಿ ಚರಂಡಿಗೆ ಬೋರಲು ಹಾಕಿದರು. ಶಟ್ಟೆವ್ವನ ಕಾಲದಿಂದ ಒಂದು ದಿನವೂ ಉಪವಾಸ ಕೆಡವದೆ ಸಾಕಿದ ಹೆಪ್ಪು ಅದು. ಬಾಟಲಿ ಒಯ್ದು ಪರೀಕ್ಷೆ ಮಾಡಿಸಿ, ತಿಂಗಳ ಮೇಲೆ 'ತಪ್ಪು ಮಾಹಿತಿ ಬಂದಿತ್ತು' ಎಂದು ಬಾಯಿಮಾತಲ್ಲಿ ಹೇಳಿ ಕೈ ತೊಳೆದುಕೊಂಡರು. ಚರಂಡಿಗೆ ಹೋದದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ ಆಕೆ.

ಆದರೆ ಮೊಸರಿನ ಹೆಪ್ಪಿನಂತೆ ಇದೂ ಮನೆಯಿಂದ ಮನೆಗೆ ಹೋಗುವಂಥದ್ದು. ಕಟಕೋಳದಲ್ಲಿರುವ ತಂಗಿ ಕೆಂಚವ್ವ ಹಿಂದೊಮ್ಮೆ ಒಂದು ಬಟ್ಟಲು ಒಯ್ದು, ತನ್ನ ಮನೆಯಲ್ಲೂ ಬೆಳೆಸಿಕೊಂಡಿದ್ದಳು. ಸುದ್ದಿ ತಿಳಿದವಳೇ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿಕೊಂಡು, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಬಂದಳು. "ಅಳಬ್ಯಾಡ ಅಕ್ಕಾ, ನಿಮ್ಮತ್ತಿ ವಾಪಸ್ ಬಂದಾಳ ನೋಡು" ಎಂದು ಡಬ್ಬಿ ಕೈಗಿತ್ತಳು. ಇಂದು ಬೆಳಿಗ್ಗೆ ಸುಯ್ಯೆಂದದ್ದು ಅದೇ.

ಈಗ ಕಟ್ಟೆಯ ಮೇಲೆ ಗಿರಾಕಿಗಳಿದ್ದಾರೆ, ಹೆಚ್ಚಿಲ್ಲ. ಹೋಟೆಲಿನಲ್ಲಿ ಅಮೃತ ಮುಗಿದು ಗಿರಾಕಿಗಳ ಗೊಣಗಾಟ ಜೋರಾಗಿದೆ. ಹೀಗಾಗಿ ಮೊನ್ನೆ ಸೋಮವಾರ ಸ್ವತಃ ಶ್ರೀಶೈಲ ಮೋಟರ್ ಸೈಕಲ್ ಇಳಿದು ಬಂದರು. ರೇಟು ಹೆಚ್ಚು ಮಾಡುತ್ತೇನೆ, ಆದದ್ದು ಆಗಿಹೋಯಿತು, ಮತ್ತೆ ಕಳಿಸು ಎಂದರು. ಸಾವಂತ್ರೆವ್ವ ಚೀಟಿ ಅಂಟಿಸಿದ ಬಾಟಲಿಯೊಂದರ ಮುಚ್ಚಳ ತೆಗೆದು, ಗ್ಲಾಸಿಗೆ ಬಗ್ಗಿಸಿ ಮುಂದಿಟ್ಟರು.

"ಕಟ್ಟಿ ಮ್ಯಾಲ ಕುಂತು ಇದನ್ನ ಕುಡೀರಿ. ಆಮ್ಯಾಲ ಯಾಪಾರ ಮಾತಾಡೂಣು."

ಇಷ್ಟು ವರ್ಷ ಇದನ್ನೇ ಮಾರಿ ಮಾಳಿಗೆ ಕಟ್ಟಿದ ಮನುಷ್ಯ ಗ್ಲಾಸು ನೋಡಿದರು, ಓಣಿಯ ಆಚೆ ಈಚೆ ನೋಡಿದರು. "ಇವತ್ತ ಸೋಮಾರ ಅಲ್ಲೇನವ್ವ, ನಂದು ಒಪ್ಪತ್ತು" ಎಂದರು.

"ಹಂಗಾರ ಮಂಗಳಾರ ಬರ್ರಿ."

ಮಂಗಳವಾರ ಬಂತು, ಶ್ರೀಶೈಲ ಬರಲಿಲ್ಲ. ಇನ್ನು ಬಾರದೇ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಸಾವಂತ್ರೆವ್ವ ಬಾಟಲಿ ಒರೆಸುವ ಕೈ ನಿಲ್ಲಿಸುವುದಿಲ್ಲ.

"ಮಂಗಳಾರ ವಾರಕ್ಕೊಮ್ಮಿ ಬರತೈತ್ರಿ. ನನಗೇನ ಗಡಿಬಿಡಿ ಇಲ್ಲ."