ಬಿಸಿಲಿನ ಹೊತ್ತನ್ನು ಅವರ ಹೆಸರಿಗೆ ಬರೆದೆ

ಕಳೆದ ಶುಕ್ರವಾರ ಹೂರಾ ಬಡಾವಣೆಯ ನಮ್ಮ ಕಟ್ಟಡದ ಕೆಳಗೆ, ಈಚೆಗೆ ಕೊಂಡ ಹಳೆಯ ನೀಲಿ ಕಾರನ್ನು ಒರೆಸುತ್ತಿದ್ದೆ. ಹಿಂದಿನ ಮಾಲೀಕ ಬಾಗಿಲಿನ ಉದ್ದಕ್ಕೂ ಅಂಟಿಸಿದ್ದ ಪ್ಲಾಸ್ಟಿಕ್ ಪಟ್ಟಿಯ ತುದಿ ಎದ್ದು ನಿಂತಿತ್ತು. ಉಗುರು ಹಾಕಿ ಎಳೆದೆ. ಕಾದ ಅಂಟಿನ ವಾಸನೆ ಬಂತು; ರಬ್ಬರಿಗೂ ಬೆಲ್ಲದ ಪಾಕಕ್ಕೂ ನಡುವಿನದು. ಅದರಲ್ಲಿ ತೆಂಗಿನೆಣ್ಣೆಯದೊಂದು ಕಡಿಮೆ ಇದೆ ಅನ್ನಿಸಿದ್ದೇ ತಡ, ಪಾಲಿಶಿನವರು ನೆನಪಾದರು...

ಎಂಟು ವರ್ಷದ ಹಿಂದಿನ ಮಾತು. ಕೊಲ್ಲಿಯ ಈ ದ್ವೀಪದಿಂದ ಸೌದಿಗೆ ಸೇತುವೆ ಇನ್ನೂ ಆಗಿರಲಿಲ್ಲ. ಸಲ್ಮಾಬಾದಿನ ಒಂದು ಗ್ಯಾರೇಜಿನಲ್ಲಿ ನಾನು ಗುಮಾಸ್ತ. ಯಾವ ಗಾಡಿ ಎಷ್ಟು ಗಂಟೆಗೆ ಯಾರ ಕೈಗೆ ಹೋಯಿತು, ಎಷ್ಟು ಗಂಟೆಗೆ ಹೊರಬಂತು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಊರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಷೀಲ್ಡು ಗೆದ್ದು ಬಂದವನು. ಯಾರಾದರೂ ‘ಹೀಗೇ’ ಎಂದರೆ ‘ಯಾಕೆ ಹೀಗೇ?’ ಎಂದು ಕೇಳದೆ ಊಟ ಸೇರುತ್ತಿರಲಿಲ್ಲ. ಪಾಲಿಶಿನವರು ಮಲ್ಪೆ ಕಡೆಯವರು, ಐವತ್ತರ ಹತ್ತಿರ. ಕಾರಿನ ಮೈಗೆ ಅಂಟಿಸಿದ ಪಟ್ಟಿ, ಗೆರೆ, ಅಕ್ಷರಗಳನ್ನು ಬಣ್ಣ ಕೆಡದಂತೆ ತೆಗೆದು ಪಾಲಿಶ್ ಮಾಡುವುದು ಅವರ ಕೆಲಸ. ತೈಲ ಕಂಪನಿಯ ಊರಾದ ಅವಾಲಿಯಿಂದ ದೇಶ ಬಿಟ್ಟು ಹೊರಟ ಸಾಹೇಬರುಗಳು ಗಾಡಿ ಮಾರುವ ಮೊದಲು ತಮ್ಮ ಅಲಂಕಾರಗಳನ್ನೆಲ್ಲ ಅವರಿಂದಲೇ ಕೀಳಿಸುತ್ತಿದ್ದರು.

ಬಂದ ಗಾಡಿಯನ್ನು ಅವರು ಕೂಡಲೇ ಮುಟ್ಟುತ್ತಿರಲಿಲ್ಲ. ಪಟ್ಟಿಯ ಬದಿ ಬಿಸಿಲಿಗೆ ಬರುವಂತೆ ನಿಲ್ಲಿಸಿ ಬಿಟ್ಟುಬಿಡುತ್ತಿದ್ದರು. ಜನವರಿಯ ಮೋಡದ ದಿನಗಳಲ್ಲಿ ಚಹಾದ ಕೆಟಲಿನ ಬಿಸಿನೀರಲ್ಲಿ ಟವೆಲ್ ಅದ್ದಿ ಹೊದಿಸುತ್ತಿದ್ದರು. ಆಗಾಗ ಬಂದು ಕೈಯ ಹಿಂಬದಿಯನ್ನು ತಗಡಿಗೆ ತಾಗಿಸುವುದು, ಹೋಗುವುದು. ಹದಕ್ಕೆ ಬಂತೆಂದರೆ ಗಾಳದ ನೈಲಾನ್ ದಾರವನ್ನು ಪಟ್ಟಿಯ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಆಡಿಸುತ್ತ ಕಾರಿನ ಉದ್ದಕ್ಕೂ ನಡೆದುಬಿಡುತ್ತಿದ್ದರು. ಉಳಿದ ಅಂಟನ್ನು ಹೆಬ್ಬೆರಳಿಂದ ಉರುಳಿಸಿ ಗೋಲಿ ಮಾಡಿ, ಆ ಗೋಲಿಯಿಂದಲೇ ಮಿಕ್ಕಿದ್ದನ್ನು ಎತ್ತುತ್ತಿದ್ದರು. ಅದಕ್ಕೂ ಬಾರದ ತೆಳು ಪೊರೆಗೆ ತೆಂಗಿನೆಣ್ಣೆ ಸವರಿ, ಮತ್ತೆ ಕಾಯುವುದು.

ಒಂದು ದಿನ ಶೆಡ್ಡಿನ ನೆರಳಲ್ಲಿ ಕೂತಿದ್ದವರನ್ನು ಕೆಣಕಿದೆ.

“ಕೆಲಸ ಮಾಡುದು ಸೂರ್ಯ, ಸಂಬಳ ನಿಮಗಾ?”

“ಬಿಸಿಲು ಎಲ್ಲರ ಗಾಡಿಗೂ ಬೀಳ್ತದೆ ಮಾರಾಯ್ರೆ. ಎಲ್ಲರ ಪಟ್ಟಿ ಬಿಟ್ಟು ಬರ್ತದಾ?”

“ಥಿನ್ನರ್ ಹಾಕಿದ್ರೆ ಹತ್ತು ನಿಮಿಷದಲ್ಲಿ ಬರ್ತದಲ್ಲ.”

“ಬರ್ತದೆ. ಬಣ್ಣವೂ ಬರ್ತದೆ.”

“ಎಷ್ಟು ಗಾಡಿಯಲ್ಲಿ ಬಂದದ್ದು? ನೀವು ಕಣ್ಣಾರೆ ನೋಡಿದ್ದುಂಟಾ?”

ಅವರು ನಕ್ಕರು. “ನೀವು ಕಾಲೇಜಿನವರು. ನನಗೆ ಇನ್ನು ಎರಡು ವರ್ಷ ಹೀಗೇ ನಡೆದ್ರೆ ಸಾಕು. ಮಗಳ ನರ್ಸಿಂಗ್ ಮುಗೀತದೆ. ಆಮೇಲೆ ನೀವೇ ಗೆದ್ದದ್ದು ಅಂತ ಇಟ್ಟುಕೊಳ್ಳುವ.”

ನಾನದನ್ನು ಅರ್ಧ ಶರಣಾಗತಿ ಎಂದು ಎಣಿಸಿದೆ.

ಅದೇ ಬೇಸಿಗೆಯಲ್ಲಿ ಅರ್ಬಾಬ್ ನನ್ನನ್ನು ಕರೆದರು. ಗ್ಯಾರೇಜಿನ ಯಜಮಾನರನ್ನು ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಮುಂದುವರಿಸಬೇಕಾದ ವೀಸಾ ಕಾಗದಗಳನ್ನು ಮುಂದಿಟ್ಟುಕೊಂಡು, “ಕೌನ್ ಸ್ಲೋ? ಲಿಖ್ ಕೇ ದೋ,” ಎಂದರು. ನಿಧಾನಸ್ಥರು ಯಾರೆಂದು ಬರವಣಿಗೆಯಲ್ಲಿ ಬೇಕಿತ್ತು. ನಾನು ಒಂದು ಪುಟ ಬರೆದೆ. ಪುಸ್ತಕದಿಂದ ಗಂಟೆಗಳನ್ನು ಎತ್ತಿ ತೋರಿಸಿದೆ: ಪಾಲಿಶಿನವರಿಗೆ ಒಂದು ಗಾಡಿಗೆ ನಾಲ್ಕು ಗಂಟೆ, ಇನ್ನೊಂದಕ್ಕೆ ಐದು. ಬಿಸಿಗಾಳಿ ಊದುವ ಯಂತ್ರ ಮತ್ತು ಒಂದು ಡಬ್ಬಿ ಥಿನ್ನರ್ ಇದ್ದರೆ ಯಾರು ಬೇಕಾದರೂ ಒಂದು ಗಂಟೆಯಲ್ಲಿ ಮುಗಿಸಬಹುದು ಎಂದೆ. ದ್ವೇಷದಿಂದ ಬರೆದದ್ದಲ್ಲ, ವಾದ ಸರಿಯಾಗಿ ಕೂತಿದೆ ಎಂಬ ಖುಷಿಯಿಂದ ಬರೆದದ್ದು. ಅದೇ ಹೆಚ್ಚು ಕೆಟ್ಟದ್ದೋ ಏನೋ...

ಅವರ ವೀಸಾ ಮುಂದುವರಿಯಲಿಲ್ಲ.

ಹೊರಡುವ ವಾರ ನನ್ನ ಮೇಜಿನ ಬಳಿ ಬಂದರು. “ನೀವು ಚಂದ ಬರೀತೀರಂತೆ, ಅರ್ಬಾಬ್ ಹೇಳಿದ್ರು. ನನಗೊಂದು ಸರ್ಟಿಫಿಕೇಟ್ ಬರೆದು ಕೊಡಿ. ಊರಲ್ಲಿ ಯಾವುದಾದ್ರೂ ಗ್ಯಾರೇಜಿಗೆ ತೋರಿಸ್ಲಿಕ್ಕೆ ಆಗ್ತದೆ.”

ಅವರ ಮುಖದಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ಅವರಿಗೆ ಎಷ್ಟು ಗೊತ್ತಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಡತೆ ಒಳ್ಳೆಯದು, ಹೊತ್ತಿಗೆ ಸರಿಯಾಗಿ ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಕೈಕೆಲಸದ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಬರೆದರೆ ಅರ್ಬಾಬರಿಗೆ ಕೊಟ್ಟ ಪುಟ ಸುಳ್ಳಾಗುತ್ತಿತ್ತಲ್ಲ. ಅವರು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಉಪಕಾರವಾಯಿತು ಎಂದರು.

ಎರಡು ತಿಂಗಳು ಹೊಸ ಯಂತ್ರ ಚೆನ್ನಾಗಿಯೇ ಓಡಿತು. ಆಮೇಲೆ ಅವಾಲಿಯಿಂದ ಒಂದು ಬಿಳಿ ಕಾರು ಬಂತು. ಹಿಂದೆಂದೋ ಮರುಬಣ್ಣ ಹೊಡೆಸಿದ್ದು. ಅವರ ಜಾಗಕ್ಕೆ ಬಂದಿದ್ದ ಕುಂದಾಪುರದ ಹೊಸಬ ಬಿಸಿಗಾಳಿ ಬಿಟ್ಟು ಎಳೆದ. ಪಟ್ಟಿಯ ಜೊತೆ ಅಂಗೈಯಗಲ ಬಣ್ಣ ಎದ್ದು ಬಂತು. ಒಳಗೆ ಕಬ್ಬಿಣ ಕಂಡಿತು.

“ಇದಕ್ಕೆ ಎಷ್ಟು ನಿಮಿಷ ಅಂತ ಬರೀತ್ರಿ?” ಎಂದು ಅವನು ನನ್ನನ್ನೇ ಕೇಳಿದ.

ಆ ಸಂಜೆ ಹಳೆಯ ಪುಸ್ತಕ ತೆಗೆದು ಕೂತೆ. ಒಂದು ಗುರುವಾರ ಪಾಲಿಶಿನವರ ಹೆಸರಿಗೆ ನಾಲ್ಕು ಗಾಡಿ. ಅವುಗಳ ಗಂಟೆ ಕೂಡಿದೆ: ಹತ್ತೊಂಬತ್ತು. ಗ್ಯಾರೇಜು ತೆರೆದಿರುತ್ತಿದ್ದದ್ದೇ ಒಂಬತ್ತು ಗಂಟೆ. ಒಂದು ಗಾಡಿ ಬಿಸಿಲಲ್ಲಿ ಕಾಯುತ್ತಿದ್ದಾಗ ಇನ್ನೊಂದಕ್ಕೆ ದಾರ ಹಾಕುತ್ತಿದ್ದರು, ಮೂರನೆಯದರಲ್ಲಿ ಎಣ್ಣೆ ನೆನೆಯುತ್ತಿತ್ತು. ನಾನು ಬಿಸಿಲಿನ ಹೊತ್ತನ್ನೆಲ್ಲ ಅವರ ಹೆಸರಿಗೆ ಬರೆದಿದ್ದೆ. ಎಲ್ಲರ ಮಾತನ್ನೂ ಅನುಮಾನಿಸುವವನು ನನ್ನ ಕೈಬರಹವನ್ನು ಮಾತ್ರ ಅನುಮಾನಿಸಿರಲಿಲ್ಲ. ಚರ್ಚಾಸ್ಪರ್ಧೆಯಲ್ಲೂ ಎದುರಿನವರಿಗೆ ಉತ್ತರಿಸಲು ಮೂರು ನಿಮಿಷ ಕೊಡುತ್ತಾರೆ. ಅವರಿಗೆ ನಾನು ಅದನ್ನೂ ಕೊಟ್ಟಿರಲಿಲ್ಲ.

ಮರುದಿನ ಅರ್ಬಾಬರಿಗೆ ಹೇಳಿದೆ. “ಖಲಾಸ್,” ಎಂದರು. ಮುಗಿದ ಮಾತು. ಪಾಲಿಶಿನವರಿಗೆ ಕಾಗದ ಬರೆಯಲು ಎಷ್ಟೋ ಸಲ ಕೂತೆ. ಎರಡನೇ ಸಾಲಿಗೇ ಸಮರ್ಥನೆ ಶುರುವಾಗುತ್ತಿತ್ತು, ಹರಿದು ಹಾಕುತ್ತಿದ್ದೆ...

ಹೋದ ವರ್ಷ ಮನಾಮಾದಲ್ಲಿ ಮಲ್ಪೆಯ ಒಬ್ಬರು ಸಿಕ್ಕರು. ಪಾಲಿಶಿನವರು ತೀರಿಹೋಗಿ ಮೂರು ಮಳೆಗಾಲ ಕಳೆಯಿತಂತೆ. ಮಗಳು ನರ್ಸಿಂಗನ್ನು ಅರ್ಧಕ್ಕೇ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳಂತೆ. ಕೇಳಿಸಿಕೊಂಡೆ.

ಶುಕ್ರವಾರ ಆ ಪಟ್ಟಿಯ ತುದಿಯನ್ನು ಮತ್ತೆ ಒತ್ತಿ ಕೂರಿಸಿ, ಕಾರನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿದೆ. ಮೆಟ್ಟಿಲ ನೆರಳಲ್ಲಿ ಕೂತೆ. ಶುಕ್ರವಾರವೇ ಇಲ್ಲಿ ವಾರದ ರಜೆ; ಚರ್ಚಿನಿಂದ ಬಂದ ಕೆಳಮನೆಯ ಕೊಂಕಣಿ ಹೆಂಗಸು, ನಾವು ‘ಬಾಯಿ’ ಎಂದು ಕರೆಯುವವರು, ನಿಂತು ನೋಡಿದರು.

“ಎಂತ, ಗಾಡಿಗೆ ಕಾವಲಾ?”

“ಇಲ್ಲ ಬಾಯಿ, ಕೆಲಸ ಮಾಡ್ತಾ ಇದ್ದೇನೆ.”

“ಕೂತುಕೊಂಡಾ? ಸೂರ್ಯನ ಹತ್ರ ಮಾಡಿಸ್ತಾ ಇದ್ದೀರಿ ಅಂತ ಹೇಳಿ.”

ಉತ್ತರ ನಾಲಗೆಯ ತುದಿಯಲ್ಲಿತ್ತು. ಬಾಯಿ ನಗುತ್ತ ಒಳಗೆ ಹೋದರು.

ಕೈಯ ಹಿಂಬದಿ ತಾಗಿಸಿದೆ, ಸುಟ್ಟಿತು. ದಾರ ತೂರಿಸಿ ನಡೆದೆ. ಪಟ್ಟಿ ಒಂದೇ ತುಂಡಾಗಿ ಕೈಗೆ ಬಂತು. ಹಳೆಯ ಚಾಳಿ, ಗಡಿಯಾರ ನೋಡಿದೆ. ಕಾರನ್ನು ಬಿಸಿಲಿಗೆ ನಿಲ್ಲಿಸಿ ಮೂರು ಗಂಟೆ ಕಳೆದಿತ್ತು. ನನ್ನ ಕೈ ಆಡಿದ್ದು ಹತ್ತು ನಿಮಿಷ. ಬರೆಯಬೇಕಾಗಿದ್ದದ್ದು ಈ ಹತ್ತು. ಉಳಿದ ಅಂಟನ್ನು ಗೋಲಿ ಮಾಡಿ ಎತ್ತಿದೆ, ತೆಂಗಿನೆಣ್ಣೆ ಸವರಿದೆ, ಮತ್ತೆ ನೆರಳಿಗೆ ಹೋಗಿ ಕೂತೆ.